ನುಡಿಸದ ಬೇಸ್‌ಗೇ ಯಾಕೆ ಜಾಸ್ತಿ ಬೆಲೆ?

ಭಾಗ 1/10

ನೇರವಾಗಿ ವಿಷಯಕ್ಕೆ ಬರ್ತೀನಿ. ಹೆಸರಾಂತ ಕಲಾವಿದರ ಕೈಯಲ್ಲಿದ್ದ ವಾದ್ಯಗಳನ್ನ ಪಕ್ಕಕ್ಕಿಡಿ. ಉಳಿದಂತೆ ವಿಂಟೇಜ್ ಬೇಸ್ ಗಿಟಾರ್ ಮಾರ್ಕೆಟ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆ ಬರೋದು ಎಂಥ ಬೇಸ್‌ಗೆ ಗೊತ್ತಾ? ಯಾರೂ ಸರಿಯಾಗಿ ನುಡಿಸದೇ ಇದ್ದದ್ದಕ್ಕೆ. ಯಾರದೋ ಮಂಚದ ಕೆಳಗೆ ಅರವತ್ತು ವರ್ಷ ಕೇಸ್ ಒಳಗೇ ಮಲಗಿತ್ತು. ಬಣ್ಣ ಹೋಗಿಲ್ಲ, ಫ್ರೆಟ್ ಸವೆದಿಲ್ಲ, ಒಳಗಿನ ಬೆಸುಗೆ ಯಾರೂ ಮುಟ್ಟಿಲ್ಲ, ಅಂಗಡಿಯವನು ಕಟ್ಟಿದ್ದ ಚೀಟಿ ಕೂಡ ಹಾಗೇ ಇದೆ. ಇದಕ್ಕೆ ಜನ ಮುಗಿಬೀಳ್ತಾರೆ.

ಅದೇ ವರ್ಷ, ಅದೇ ಫ್ಯಾಕ್ಟರಿಯಿಂದ ಬಂದ ಇನ್ನೊಂದು ಬೇಸ್ ಇದೆ ಅಂದ್ಕೊಳ್ಳಿ. ವರ್ಷಗಟ್ಟಲೆ ಮದುವೆ, ಬಾರ್, ಸ್ಟುಡಿಯೋ ಸುತ್ತಿದೆ. ಒಬ್ಬನ ಮನೆ ನಡೆಸಿದೆ. ಎರಡು ಸಲ ಫ್ರೆಟ್ ಹಾಕಿಸಿದ್ದಾರೆ, ಒಂದು ಸಲ ಬಣ್ಣ ಹೊಡೆಸಿದ್ದಾರೆ, ಕೆಟ್ಟುಹೋದ ಪಿಕಪ್ ತೆಗೆದು ಬೇರೆ ಹಾಕಿದ್ದಾರೆ. ಇದರ ಬೆಲೆ ದಬ್ಬನೆ ಕೆಳಗೆ. ಮರು ಬಣ್ಣ ಹೊಡೆಸಿದರೆ ಸುಮಾರು ಅರ್ಧ ಬೆಲೆ ಹೋಯ್ತು ಅನ್ನೋದು ಆ ಮಾರ್ಕೆಟ್‌ನ ರೂಢಿ ಲೆಕ್ಕ.

ಅಂದ್ರೆ ಕೆಲಸ ಮಾಡಿದ ವಾದ್ಯಕ್ಕೆ ದಂಡ, ಸುಮ್ಮನೆ ಮಲಗಿದ್ದ ವಾದ್ಯಕ್ಕೆ ಬಹುಮಾನ.

ನಾನು ಬಿಕಾಂ ಓದ್ತಿದ್ದೀನಿ. ಕಾಲೇಜ್ ಬ್ಯಾಂಡ್‌ನಲ್ಲಿ ಬೇಸ್, ಗಣೇಶನ ಹಬ್ಬದ ಸೀಸನ್‌ನಲ್ಲಿ ಆರ್ಕೆಸ್ಟ್ರಾದಲ್ಲೂ ಬೇಸ್. ಈ ಪೇಜ್‌ಗೆ ವಾರಕ್ಕೆ ನಾಲ್ಕೈದು ಡಿಎಂ ಒಂದೇ ಥರ ಬರುತ್ತೆ: "ಬ್ರೋ, ವಿಂಟೇಜ್ ಅಂತೆ, ತಗೊಳ್ಳಲಾ? ಒಳ್ಳೆ ಇನ್ವೆಸ್ಟ್‌ಮೆಂಟ್ ಅಂತೆ." ಒಬ್ಬೊಬ್ಬರಿಗೆ ಉತ್ತರ ಬರೆದು ಸಾಕಾಯ್ತು. ಅದಕ್ಕೇ ಹತ್ತು ಪೋಸ್ಟ್. ಫೋಟೋದಲ್ಲಿರೋದು ನನ್ನ ಸೆಕೆಂಡ್ ಹ್ಯಾಂಡ್ ಬೇಸ್‌ನ ಬೆನ್ನು. ಬೆಲ್ಟ್ ಬಕಲ್ ಉಜ್ಜಿ ಬಣ್ಣ ಕಿತ್ತುಹೋಗಿದೆ. ಮಾರೋರ ಭಾಷೆಯಲ್ಲಿ ಇದು ಗಾಯ. ನನ್ನ ಪ್ರಕಾರ ಇದು ಹಾಜರಾತಿ.

ಭಾಗ 2/10

ಈ ವಾದ್ಯ ಹುಟ್ಟಿದ್ದು ಯಾಕೆ ಅನ್ನೋದನ್ನ ಮೊದಲು ನೋಡೋಣ.

ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ಲಿಯೋ ಫೆಂಡರ್ ಅನ್ನೋರು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ಅವರಿಗೆ ಗಿಟಾರ್ ನುಡಿಸೋಕೆ ಬರ್ತಿರಲಿಲ್ಲ. ಆದರೆ ಕೆಟ್ಟಿದ್ದನ್ನ ಸರಿಮಾಡೋ ಕೈ ಇತ್ತು. ಆಗಿನ ಬ್ಯಾಂಡ್‌ಗಳಲ್ಲಿ ಬೇಸ್ ಅಂದ್ರೆ ಆಳೆತ್ತರದ, ನಿಂತು ನುಡಿಸೋ ಡಬಲ್ ಬೇಸ್. ಹೊತ್ತುಕೊಂಡು ತಿರುಗೋದು ಕಷ್ಟ. ಡ್ರಮ್ಸ್ ಮತ್ತು ಎಲೆಕ್ಟ್ರಿಕ್ ಗಿಟಾರ್ ಮಧ್ಯೆ ಅದರ ದನಿಯೇ ಕೇಳ್ತಿರಲಿಲ್ಲ. ಫ್ರೆಟ್ ಇಲ್ಲದ ಕಾರಣ ಬೆರಳು ಸ್ವಲ್ಪ ಜಾರಿದರೂ ಶ್ರುತಿ ತಪ್ಪುತ್ತಿತ್ತು. 1951ರಲ್ಲಿ ಲಿಯೋ ಇದಕ್ಕೆ ಕೊಟ್ಟ ಉತ್ತರವೇ ಪ್ರಿಸಿಷನ್ ಬೇಸ್. ಫ್ರೆಟ್ ಇರೋದ್ರಿಂದ ಸ್ವರ ನಿಖರ, ಅದಕ್ಕೇ ಆ ಹೆಸರು. 1960ರಲ್ಲಿ ಜಾಜ್ ಬೇಸ್ ಬಂತು. ಇವತ್ತು ನೀವು ನೋಡೋ ಬಹುಪಾಲು ಬೇಸ್‌ಗಳು ಇವೆರಡರ ಮಕ್ಕಳು, ಮೊಮ್ಮಕ್ಕಳು.

ಈಗ ಅದರ ಹಿಂಬದಿ ನೋಡಿ. ನೆಕ್ ಮತ್ತು ಬಾಡಿ ಸೇರೋ ಜಾಗದಲ್ಲಿ ಒಂದು ಲೋಹದ ತಟ್ಟೆ, ನಾಲ್ಕು ಸ್ಕ್ರೂ. ಅಂಟು ಹಾಕಿ ಕೂರಿಸೋದು ಬಿಟ್ಟು ಸ್ಕ್ರೂ ಯಾಕೆ ಹಾಕಿದರು? ನೆಕ್ ಸೊಟ್ಟ ಆದರೆ ಬಿಚ್ಚಿ ಇನ್ನೊಂದು ಕೂರಿಸೋಕೆ. ಪಿಕ್‌ಗಾರ್ಡ್ ಬಿಚ್ಚಿದರೆ ವೈರಿಂಗ್ ಎಲ್ಲ ಕೈಗೆ ಸಿಗುತ್ತೆ. ರಿಪೇರಿ ಅಂಗಡಿಯವನ ತಲೆಯಿಂದ ಬಂದ ವಾದ್ಯ ಇದು. ಸವೆಯುತ್ತೆ, ಕೆಡುತ್ತೆ, ಬದಲಾಯಿಸ್ತಾರೆ ಅಂತ ಗೊತ್ತಿದ್ದೇ ಮಾಡಿದ್ದು.

ನಮ್ಮ ಕಡೆ ನೇಗಿಲಿನ ಗುಳ ಸವೆದರೆ ಹೊಸ ಗುಳ ಹಾಕ್ತಾರೆ. ನೇಗಿಲು "ಒರಿಜಿನಲ್ ಅಲ್ಲ" ಅಂತ ಯಾವ ರೈತನೂ ಅಳಲ್ಲ. ಬೇಸ್ ಕೂಡ ಅದೇ ಜಾತಿಯ ವಸ್ತು. ಹೀಗಿರುವಾಗ "ಒಂದು ಸ್ಕ್ರೂ ಬದಲಾದರೂ ಪಾವಿತ್ರ್ಯ ಹಾಳು" ಅನ್ನೋ ಮಡಿ ಎಲ್ಲಿಂದ ಬಂತು? ಮುಂದಿನ ಪೋಸ್ಟ್.

ಭಾಗ 3/10

ಆ ಮಡಿಯ ಒಂದು ಮಂತ್ರ ಇದೆ: "ಪ್ರೀ-ಸಿಬಿಎಸ್".

1965ರ ಜನವರಿಯಲ್ಲಿ ಲಿಯೋ ಫೆಂಡರ್ ತಮ್ಮ ಕಂಪನಿಯನ್ನ ಅಮೆರಿಕದ ಸಿಬಿಎಸ್ ಸಂಸ್ಥೆಗೆ 130 ಲಕ್ಷ ಡಾಲರ್‌ಗೆ ಮಾರಿದರು. ಅದಕ್ಕೆ ಮೊದಲು ತಯಾರಾದದ್ದು "ಪ್ರೀ-ಸಿಬಿಎಸ್", ಅಂದ್ರೆ ಸತ್ಯಯುಗ. ಆಮೇಲಿನದು ಕಲಿಯುಗ. ಮಾರೋರು ಹೇಳೋ ಪುರಾಣ ಇಷ್ಟೇ.

ಆದರೆ ಸ್ವಲ್ಪ ಯೋಚನೆ ಮಾಡಿ. ಕಂಪನಿ ಕೈ ಬದಲಾದ ಮರುದಿನ ಬೆಳಿಗ್ಗೆ ಫ್ಯಾಕ್ಟರಿಗೆ ಬಂದವರು ಅದೇ ಕೆಲಸಗಾರರು, ಅದೇ ಮಷೀನು, ಅದೇ ಮರ. ಬದಲಾವಣೆಗಳು ನಿಧಾನಕ್ಕೆ, ವರ್ಷಗಳ ಅವಧಿಯಲ್ಲಿ ಬಂದವು. ಬಣ್ಣದ ಥರ ಬದಲಾಯ್ತು, ಉತ್ಪಾದನೆ ಹೆಚ್ಚಾಯ್ತು, 70ರ ದಶಕದಲ್ಲಿ ಗುಣಮಟ್ಟದ ಬಗ್ಗೆ ದೂರುಗಳೂ ಬಂದವು. ಇದೆಲ್ಲ ನಿಜ. ಆದರೆ ಒಂದು ತಾರೀಖಿನ ಈ ಕಡೆ ಬಿದ್ದ ಬೇಸ್ ದೇವರು, ಆ ಕಡೆ ಬಿದ್ದದ್ದು ಕಟ್ಟಿಗೆ ಅನ್ನೋದಕ್ಕೆ ಯಾವ ಆಧಾರವೂ ಇಲ್ಲ. ಒಂದೇ ವಾರ ಬಂದ ಎರಡು ಬೇಸ್‌ಗಳೇ ಒಂದೇ ಥರ ಇರಲ್ಲ. ಮರ ಅಲ್ವಾ?

ಇನ್ನೂ ಮಜಾ ಕೇಳಿ. 70ರ ದಶಕದ ಬೇಸ್‌ಗಳನ್ನ "ಭಾರ, ಒರಟು" ಅಂತ ಮೂಗು ಮುರಿದು ಮೂಲೆಗೆ ತಳ್ಳಿದ್ದ ಕಾಲ ಇತ್ತು. ಈಗ ಅವೂ ವಿಂಟೇಜ್. 1982ರಲ್ಲಿ ಫೆಂಡರ್ ಜಪಾನ್ ಶುರುವಾಗಿದ್ದೇ ಅಗ್ಗದ ನಕಲುಗಳ ಜೊತೆ ಪೈಪೋಟಿ ಮಾಡೋಕೆ. ಆ ಮೊದಲ ವರ್ಷಗಳ ಜಪಾನಿ ಬೇಸ್‌ಗಳನ್ನೂ ಈಗ ಹುಡುಕಿ ಹುಡುಕಿ ಕೊಳ್ತಾರೆ. ಹಾಗಾದ್ರೆ ಗುಣ ಬದಲಾಯ್ತಾ? ಇಲ್ಲ. ಹಿಂದಿನ ಸ್ಟಾಕ್ ಕೈಗೆಟುಕದ ಬೆಲೆಗೆ ಹೋಯ್ತು. ಅಂಗಡಿಗೆ ಮಾರೋಕೆ ಮುಂದಿನ ಸ್ಟಾಕ್ ಬೇಕಿತ್ತು.

ವಿಂಟೇಜ್ ಅನ್ನೋದು ದ್ರಾಕ್ಷಾರಸದ ವ್ಯಾಪಾರದಿಂದ ಬಂದ ಪದ. ಅಲ್ಲಿ ಯಾವ ವರ್ಷದ ದ್ರಾಕ್ಷಿ ಅನ್ನೋದಕ್ಕೆ ಅರ್ಥ ಇದೆ. ಬೇಸ್ ವ್ಯಾಪಾರದಲ್ಲಿ ಅದು ರಬ್ಬರ್ ಬ್ಯಾಂಡ್. ಎಷ್ಟು ಬೇಕೋ ಅಷ್ಟು ಎಳೀತಾರೆ. ನಮ್ಮ ಸೆಕೆಂಡ್ ಹ್ಯಾಂಡ್ ಗ್ರೂಪ್‌ಗಳಲ್ಲಿ ಹತ್ತು ಹದಿನೈದು ವರ್ಷದ ಬೇಸ್‌ಗೂ ಅದೇ ಪದ ಅಂಟಿಸಿ ಎಂಟು ಸಾವಿರ ಜಾಸ್ತಿ ಹೇಳೋದನ್ನ ನೀವೂ ನೋಡಿರ್ತೀರಿ.

ಭಾಗ 4/10

"ಒರಿಜಿನಲ್ ಆಗಿದ್ರೇನೇ ಬೆಲೆ" ಅನ್ನೋರಿಗೆ ಎರಡು ಬೇಸ್ ತೋರಿಸ್ತೀನಿ.

ಒಂದು: ಜಾಕೋ ಪಾಸ್ಟೋರಿಯಸ್ ಅವರ 1962ರ ಜಾಜ್ ಬೇಸ್. ಇವತ್ತಿನ ಲೆಕ್ಕದಲ್ಲಿ ಅದು ಸತ್ಯಯುಗದ ಶುದ್ಧ ತಳಿ. ಜಾಕೋ ಏನು ಮಾಡಿದರು? ಫ್ರೆಟ್ ಎಲ್ಲ ಕಿತ್ತು ಹಾಕಿದರು. ಆ ಗೆರೆಗಳಿಗೆ ಮರದ ಪುಟ್ಟಿ ತುಂಬಿ, ಮೇಲೆ ದೋಣಿಗೆ ಬಳಿಯೋ ಎಪಾಕ್ಸಿ ಬಳಿದರು. 1976ರಲ್ಲಿ ಅವರ ಮೊದಲ ಆಲ್ಬಂ ಬಂದಾಗ ಜಗತ್ತಿನ ಬೇಸ್ ವಾದಕರು ಕೂತಲ್ಲಿಂದ ಎದ್ದು ನಿಂತರು. ಎಲೆಕ್ಟ್ರಿಕ್ ಬೇಸ್ ಹಾಡುತ್ತೆ ಅನ್ನೋದು ಆ ಕೆತ್ತಿದ ಮರದಿಂದ ಗೊತ್ತಾಯ್ತು. ಅದೇ ಬೇಸ್ ಜಾಕೋ ಹೆಸರಿಲ್ಲದೆ ಇವತ್ತು ಮಾರಾಟಕ್ಕೆ ಬಂದಿದ್ರೆ ಲಿಸ್ಟಿಂಗ್ ಕೆಳಗೆ ಏನು ಬರೀತಿದ್ರು ಊಹಿಸಿ: "ಫ್ರೆಟ್ ಕಿತ್ತಿದ್ದಾರೆ, ಹಾಳಾಗಿದೆ, ಬಿಡಿಭಾಗಕ್ಕೆ ಮಾತ್ರ."

ಎರಡು: ಪಾಲ್ ಮೆಕಾರ್ಟ್ನಿ ಅವರ ಹಾಫ್ನರ್ 500/1. 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಸುಮಾರು 30 ಪೌಂಡ್ ಕೊಟ್ಟು ತಗೊಂಡದ್ದು. ದುಬಾರಿ ಬೇಸ್‌ಗೆ ದುಡ್ಡಿರಲಿಲ್ಲ, ಇದು ಕೈಗೆಟುಕಿತು, ಅಷ್ಟೇ. ಬೀಟಲ್ಸ್‌ನ ಮೊದಲ ವರ್ಷಗಳ ರೆಕಾರ್ಡಿಂಗ್‌ನಲ್ಲಿ ಇರೋದು ಇದರ ದನಿ. 1964ರಲ್ಲಿ ಇದನ್ನ ಪೂರ್ತಿ ರಿಪೇರಿ ಮಾಡಿಸಿ ಹೊಸ ಬಣ್ಣ ಹೊಡೆಸಿದರು, ಪಿಕಪ್ ಕೂರಿಸೋ ಚೌಕಟ್ಟನ್ನೂ ಬದಲಾಯಿಸಿದರು. ಅಂದ್ರೆ ಜಗತ್ತಿನ ಅತಿ ಪ್ರಸಿದ್ಧ ಬೇಸ್, ಮಾರೋರ ಶಬ್ದದಲ್ಲೇ ಹೇಳೋದಾದ್ರೆ, "ರೀಫಿನ್". 1972ರಲ್ಲಿ ಲಂಡನ್ನಿನಲ್ಲಿ ವ್ಯಾನ್‌ನಿಂದ ಕಳುವಾಯ್ತು. ಸಿಕ್ಕಿತು ಅನ್ನೋ ಸುದ್ದಿ ಹೊರಬಿದ್ದಿದ್ದು 2024ರ ಫೆಬ್ರವರಿಯಲ್ಲಿ. ಇಡೀ ಜಗತ್ತು ಸಂಭ್ರಮಿಸ್ತು. "ಅಯ್ಯೋ, ಬಣ್ಣ ಒರಿಜಿನಲ್ ಅಲ್ವಲ್ಲ" ಅಂತ ಯಾರೂ ಅಳಲಿಲ್ಲ.

ಇಬ್ಬರಲ್ಲಿ ಯಾರೂ "ವಿಂಟೇಜ್" ಕೊಂಡಿರಲಿಲ್ಲ ಅನ್ನೋದನ್ನ ಗಮನಿಸಿ. ಕೈಗೆ ಸಿಕ್ಕಿದ್ದನ್ನ ಕೊಂಡರು, ತಮಗೆ ಬೇಕಾದ ಹಾಗೆ ಮಾಡಿಕೊಂಡರು.

ಭಾಗ 5/10

ಮೂರನೆಯವರು ಜೇಮ್ಸ್ ಜೇಮರ್ಸನ್. ನಿಮಗೆ ಹೆಸರು ಗೊತ್ತಿಲ್ಲದಿದ್ರೂ ಅವರ ಬೇಸ್ ಕೇಳಿರ್ತೀರಿ. 60ರ ದಶಕದ ಮೋಟೌನ್ ಹಾಡುಗಳಲ್ಲಿ ಬಹುಪಾಲಿಗೆ ಬೇಸ್ ನುಡಿಸಿದ್ದು ಅವರು. 1962ರ ಪ್ರಿಸಿಷನ್, ದಪ್ಪನೆಯ ಫ್ಲಾಟ್‌ವೌಂಡ್ ತಂತಿ, ಬ್ರಿಡ್ಜ್ ಹತ್ತಿರ ಒಂದು ತುಂಡು ಸ್ಪಂಜು, ನುಡಿಸೋಕೆ ಒಂದೇ ಬೆರಳು. ತಂತಿ ಹರಿಯೋವರೆಗೂ ಬದಲಾಯಿಸ್ತಿರಲಿಲ್ಲ ಅನ್ನೋದು ಬೇಸ್ ಲೋಕದ ದಂತಕಥೆ. ಮೋಟೌನ್ ರೆಕಾರ್ಡ್‌ಗಳ ಮೇಲೆ ವಾದಕರ ಹೆಸರೇ ಹಾಕ್ತಿರಲಿಲ್ಲ. ಅವರ ಹೆಸರು ಅಚ್ಚಾಗಿ ಕಂಡಿದ್ದು 1971ರ ಮಾರ್ವಿನ್ ಗೇ ಆಲ್ಬಂ ಮೇಲೆ. 1983ರಲ್ಲಿ ಅವರು ತೀರಿಕೊಳ್ಳೋ ಸ್ವಲ್ಪ ಮುಂಚೆ ಆ ಬೇಸ್ ಕೂಡ ಕಳುವಾಯ್ತು. ಇವತ್ತಿಗೂ ಸಿಕ್ಕಿಲ್ಲ.

ಈಗ ಲೆಕ್ಕ ನೋಡಿ. ನುಡಿಸಿದವನ ಹೆಸರು ಬಹಳ ಕಾಲ ರೆಕಾರ್ಡ್ ಮೇಲೆ ಇರಲಿಲ್ಲ. ಆದರೆ ಅವನು ನುಡಿಸಿದ ಮಾಡೆಲ್‌ನ, ಅದೇ ವರ್ಷದ, ಅವನು ಮುಟ್ಟೇ ಇರದ ಬೇಸ್‌ಗೆ ಇವತ್ತು ಲಕ್ಷಗಟ್ಟಲೆ. ಆ ದುಡ್ಡು ಹುಟ್ಟಿದ್ದು ಜೇಮರ್ಸನ್ ಬೆರಳಿನಿಂದ. ಎಣಿಸ್ತಿರೋದು ಮಾತ್ರ ಬೇರೆ ಯಾರೋ.

ಇದರ ತುತ್ತತುದಿ ನೋಡಬೇಕಾ? 1990ರ ದಶಕದ ಮಧ್ಯದಿಂದ ಫೆಂಡರ್ ಕಂಪನಿಯೇ ತನ್ನ ಕಸ್ಟಮ್ ಶಾಪ್‌ನಲ್ಲಿ ಹೊಸ ಗಿಟಾರ್‌ಗಳನ್ನ ಬೇಕಂತಲೇ ಸವೆಸಿ ಮಾರೋಕೆ ಶುರುಮಾಡ್ತು. "ರೆಲಿಕ್" ಅಂತ ಹೆಸರು. ಬಣ್ಣ ಕೆರೆಯೋದು, ಲೋಹಕ್ಕೆ ತುಕ್ಕು ಬರಿಸೋದು, ಸಿಗರೇಟ್ ಸುಟ್ಟ ಗುರುತು ಹಾಕೋದು. ಇದಕ್ಕೆ ಮಾಮೂಲಿ ಹೊಸ ಬೇಸ್‌ಗಿಂತ ಜಾಸ್ತಿ ಬೆಲೆ.

ಒಂದು ಕಡೆ ನಿಜವಾಗಿ ಸವೆದ ಬೇಸ್‌ಗೆ ಬೆಲೆ ಕಮ್ಮಿ. ಇನ್ನೊಂದು ಕಡೆ ಸುಳ್ಳು ಸವೆತಕ್ಕೆ ಬೆಲೆ ಜಾಸ್ತಿ. ನಿಮಗೆ ನಗು ಬರಲಿಲ್ವಾ? ಹೊಸ ಪಂಚೆಗೆ ಗದ್ದೆ ಕೆಸರು ಮೆತ್ತಿ "ರೈತರ ಪಂಚೆ" ಅಂತ ಡಬಲ್ ರೇಟಿಗೆ ಮಾರಿದ ಹಾಗಾಯ್ತು. ಕೆಸರಲ್ಲಿ ನಿಂತವನಿಗೆ ಮಾತ್ರ ಕೂಲಿ ಅಷ್ಟೇ.

ಭಾಗ 6/10

ಈ ಕಥೆಯಲ್ಲಿ ನಮ್ಮ ಊರೂ ಇದೆ. ಫೋಟೋ ಜೂಮ್ ಮಾಡಿ ಫಿಂಗರ್‌ಬೋರ್ಡ್ ನೋಡಿ. ಕಪ್ಪುಮಿಶ್ರಿತ ಕಂದು ಮರ. ನಮ್ಮ ಭಾಷೆಯಲ್ಲಿ ಬೀಟೆ.

ಫೆಂಡರ್ ಬೇಸ್‌ಗಳಿಗೆ ರೋಸ್‌ವುಡ್ ಫಿಂಗರ್‌ಬೋರ್ಡ್ ಬಂದಿದ್ದು 1959ರಲ್ಲಿ. ಮೊದಮೊದಲು ಬಳಸಿದ್ದು ಬ್ರೆಜಿಲ್‌ನ ರೋಸ್‌ವುಡ್. ಅಲ್ಲಿನ ಕಾಡು ಖಾಲಿಯಾಗ್ತಾ ಬಂತು, 60ರ ದಶಕದ ಕೊನೆಗೆ ದಿಮ್ಮಿ ರಫ್ತಿಗೆ ಬ್ರೆಜಿಲ್ ಕಡಿವಾಣ ಹಾಕ್ತು. ಆಗ ಜಗತ್ತಿನ ಗಿಟಾರ್ ಕಂಪನಿಗಳು ತಿರುಗಿದ್ದು ಭಾರತದ ಕಡೆಗೆ, ಅಂದ್ರೆ ಪಶ್ಚಿಮ ಘಟ್ಟದ ಬೀಟೆ ಕಡೆಗೆ. 1992ರಲ್ಲಿ ಬ್ರೆಜಿಲ್ ರೋಸ್‌ವುಡ್ ಅಂತಾರಾಷ್ಟ್ರೀಯ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿತು. ಸರಿಯಾದ ಕಾಗದಪತ್ರ ಇಲ್ಲದೆ ಆ ಮರ ಇರೋ ಹಳೇ ವಾದ್ಯ ದೇಶದ ಗಡಿ ದಾಟೋ ಹಾಗಿಲ್ಲ. 2017ರ ಜನವರಿಯಲ್ಲಿ ಆ ಕುಲದ ಎಲ್ಲ ಮರಗಳೂ, ನಮ್ಮ ಬೀಟೆ ಸೇರಿ, ನಿಯಂತ್ರಣಕ್ಕೆ ಬಂದವು. ಬ್ರೆಜಿಲ್ ಮರ ಬಿಟ್ಟು ಉಳಿದವುಗಳಿಂದ ಮಾಡಿದ ಸಿದ್ಧ ವಾದ್ಯಗಳಿಗೆ 2019ರ ನವೆಂಬರ್‌ನಲ್ಲಿ ವಿನಾಯಿತಿ ಸಿಕ್ಕಿತು. ಹೊರದೇಶದಿಂದ 60ರ ದಶಕದ ಬೇಸ್ ತರಿಸ್ತೀನಿ ಅನ್ನೋರು ಇದನ್ನ ಮೊದಲು ಓದಿಕೊಳ್ಳಿ.

ಮಾರ್ಕೆಟ್ ಏನು ಮಾಡ್ತು? "ಬ್ರೆಜಿಲಿಯನ್" ಅನ್ನೋ ಪದಕ್ಕೆ ಇನ್ನಷ್ಟು ಬೆಲೆ ಏರಿಸ್ತು. ಕಾಡು ಮುಗಿದಿದ್ದೇ ಮಾರಾಟದ ಗುಣವಾಯ್ತು. ಕೆಲವು ಮಿಲಿಮೀಟರ್ ದಪ್ಪದ ಹಲಗೆಯಲ್ಲಿ, ನಾಲ್ಕು ತಂತಿಯ ಬೇಸ್‌ನಲ್ಲಿ, ಕಣ್ಣು ಮುಚ್ಚಿಕೊಂಡು ಯಾವ ಮರ ಅಂತ ಹೇಳಿ ನೋಡೋಣ.

ಮಲೆನಾಡಿನವರಿಗೆ ಬೀಟೆ ಏನು ಅಂತ ನಾನು ಹೇಳಬೇಕಿಲ್ಲ. ಅಜ್ಜನ ಕಾಲದ ತೊಟ್ಟಿಲು, ಮನೆಯ ಕಂಬ, ಮೈಸೂರಿನ ಕೆತ್ತನೆ ಹಲಗೆ. ಸ್ವಂತ ಜಮೀನಿನಲ್ಲಿ ಬೆಳೆದಿದ್ರೂ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಕಡಿಯೋ ಹಾಗಿಲ್ಲ. ಒಂದು ಬೀಟೆ ಬಲಿಯೋಕೆ ತಲೆಮಾರುಗಳೇ ಬೇಕು. ಈಗಾಗಲೇ ಕಡಿದ ಮರದಿಂದ ಆದ ಹಳೇ ಬೇಸ್‌ಗೆ ಮೂರು ಸಲ ಫ್ರೆಟ್ ಹಾಕಿಸಿ ಇನ್ನೂ ಮೂವತ್ತು ವರ್ಷ ನುಡಿಸೋದು ಮರಕ್ಕೆ ತೋರಿಸೋ ಮರ್ಯಾದೆ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೆಲೆ ಏರೋದನ್ನ ಕಾಯೋದು ಅಲ್ಲ.

ಭಾಗ 7/10

ಈಗ ನನ್ನ ಸಬ್ಜೆಕ್ಟ್. "ಇನ್ವೆಸ್ಟ್‌ಮೆಂಟ್" ಅಂದವರಿಗೆ ಒಂದು ಲೆಕ್ಕ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಅಂಕಿ ಹಾಕಿ ನೋಡಿ.

1,00,000 ಕೊಟ್ಟು ಒಂದು ಹಳೇ ಬೇಸ್ ತಗೊಂಡ್ರಿ. ಐದು ವರ್ಷ ಆದ್ಮೇಲೆ 1,40,000ಕ್ಕೆ ಮಾರಿದ್ರಿ. "ನಲವತ್ತು ಪರ್ಸೆಂಟ್ ಲಾಭ!" ಅಂತ ಸ್ಟೋರಿ ಹಾಕ್ತೀರಿ. ಚಕ್ರಬಡ್ಡಿ ಲೆಕ್ಕದಲ್ಲಿ ಅದು ವರ್ಷಕ್ಕೆ ಸುಮಾರು 7%. ಈಗ ಖರ್ಚು ಕಳೀರಿ. ಒಳ್ಳೇ ಹಾರ್ಡ್ ಕೇಸ್, ಸೆಟಪ್, ತಂತಿ, ಮಳೆಗಾಲದಲ್ಲಿ ನೆಕ್ ಬಾಗಿ ಟ್ರಸ್ ರಾಡ್ ಸರಿಮಾಡಿಸಿದ್ದು, ಎಲ್ಲ ಸೇರಿ 15,000 ಅನ್ನಿ. ಮಾರಿಸಿಕೊಟ್ಟವರ ಕಮಿಷನ್ 10%, ಅಂದ್ರೆ 14,000. ಉಳಿದಿದ್ದು 1,11,000. ವರ್ಷಕ್ಕೆ ಸುಮಾರು 2.1%. ನಿಮ್ಮ ಅಮ್ಮ ಬ್ಯಾಂಕ್‌ನಲ್ಲಿಟ್ಟ ಎಫ್‌ಡಿ ನಿಮ್ಮನ್ನ ನೋಡಿ ನಗುತ್ತೆ. ಎಫ್‌ಡಿ ಬಾಗಲ್ಲ, ಕಳುವಾಗಲ್ಲ.

ಹೊರದೇಶದಿಂದ ತರಿಸಿದರೆ ಇನ್ನೂ ಕಥೆ ಇದೆ. ಬೇಸ್ ಬೆಲೆ, ಸಾಗಣೆ, ವಿಮೆ ಕೂಡಿಸಿ ಅದರ ಮೇಲೆ ಕಸ್ಟಮ್ಸ್ ಸುಂಕ. ಸುಂಕ ಸೇರಿದ ಮೊತ್ತದ ಮೇಲೆ ಐಜಿಎಸ್‌ಟಿ. ಅಂದ್ರೆ ಬಾಕ್ಸ್ ನಿಮ್ಮ ಮನೆ ಬಾಗಿಲಿಗೆ ಬರೋ ಹೊತ್ತಿಗೇ ನೀವು ನಷ್ಟದಲ್ಲಿದ್ದೀರಿ. ಬೆಲೆ ಮೊದಲು ಅಷ್ಟು ಏರಬೇಕು, ಆಮೇಲೆ ಲಾಭದ ಮಾತು.

ಅಕೌಂಟ್ಸ್‌ನಲ್ಲಿ ಮೊದಲ ಸೆಮಿಸ್ಟರ್‌ನಲ್ಲೇ ಹೇಳಿಕೊಡ್ತಾರೆ: ಬರದ ಲಾಭವನ್ನ ಬರೀಬೇಡ, ಬರಬಹುದಾದ ನಷ್ಟಕ್ಕೆ ಜಾಗ ಇಡು. ನಮ್ಮ ಹಿರಿಯರು ಇದನ್ನೇ ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಬೇಡ ಅಂದ್ರು.

ಬೆಲೆ ಏರಿದ ಬೇಸ್‌ಗಳ ಕಥೆ ಮಾತ್ರ ನಿಮ್ಮ ಫೀಡ್‌ಗೆ ಬರುತ್ತೆ ಅನ್ನೋದೂ ನೆನಪಿರಲಿ. ಮೂರು ವರ್ಷದಿಂದ ಗಿರಾಕಿ ಸಿಗದೆ ಕೂತಿರೋ ಬೇಸ್‌ನ ರೀಲ್ ಯಾರು ಮಾಡ್ತಾರೆ? ಕೋಟಿ ಇದ್ದವನಿಗೆ ಇದು ಆಟ. ಪಾರ್ಟ್ ಟೈಮ್ ದುಡಿದು, ಇಎಂಐ ಹಾಕಿ ಮೊದಲ ಬೇಸ್ ತಗೊಳ್ಳೋ ಹುಡುಗ ಹುಡುಗಿಗೆ ಇದು ಎರಡು ವರ್ಷದ ಕೈಕಟ್ಟು.

ಭಾಗ 8/10

ಇಲ್ಲಿವರೆಗೆ ದುಡ್ಡಿನ ಮಾತು. ಈ ಪೋಸ್ಟ್ ಜೀವದ ಮಾತು. ದಯವಿಟ್ಟು ಪೂರ್ತಿ ಓದಿ.

ಬೇಸ್ ಜೊತೆ ಹಳೇ ಟ್ಯೂಬ್ ಆಂಪ್‌ಗಳ ವ್ಯಾಪಾರವೂ ಇದೆ. 1960ರಲ್ಲಿ ಬಂದ ಆಂಪೆಗ್ ಬಿ-15 ಥರದ್ದು. ಅದ್ಭುತ ದನಿ, ಒಪ್ತೀನಿ. ಆದರೆ ಲಿಸ್ಟಿಂಗ್‌ಗಳಲ್ಲಿ ಹೆಮ್ಮೆಯಿಂದ ಬರೀತಾರೆ: "ಒರಿಜಿನಲ್ ಕೆಪಾಸಿಟರ್, ಒರಿಜಿನಲ್ ಪವರ್ ಕಾರ್ಡ್, ಯಾರೂ ಬಿಚ್ಚಿಲ್ಲ." ಇದು ಹೆಮ್ಮೆ ಪಡೋ ವಿಷಯವೇ ಅಲ್ಲ, ಎಚ್ಚರಿಕೆ ಫಲಕ.

ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಕಾಲ ಕಳೆದ ಹಾಗೆ ಒಣಗುತ್ತೆ. ಅದನ್ನ ಬದಲಾಯಿಸಲೇಬೇಕು. ಆ ಕಾಲದ ಅನೇಕ ಅಮೆರಿಕನ್ ಆಂಪ್‌ಗಳ ಪ್ಲಗ್‌ಗೆ ಎರಡೇ ಪಿನ್. ಅಂದ್ರೆ ಅರ್ಥಿಂಗ್ ಇಲ್ಲ. ಅವು ತಯಾರಾಗಿದ್ದು ಸುಮಾರು 120 ವೋಲ್ಟ್‌ಗೆ, ನಮ್ಮ ಗೋಡೆಯಲ್ಲಿರೋದು 230. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದ್ರೆ ವೋಲ್ಟೇಜ್ ಸರಿಹೋಗಬಹುದು, ಆದ್ರೆ ಅರ್ಥಿಂಗ್ ತಾನಾಗಿ ಬರಲ್ಲ.

ಬೇಸ್ ತಂತಿಗಳು ಬ್ರಿಡ್ಜ್ ಮೂಲಕ, ಕೇಬಲ್ ಮೂಲಕ ಆಂಪ್‌ನ ಲೋಹದ ಚಾಸಿಗೆ ಸೇರಿರುತ್ತವೆ. ಚಾಸಿಗೆ ಕರೆಂಟ್ ಬಂದ್ರೆ ನಿಮ್ಮ ತಂತಿಗೂ ಬರುತ್ತೆ. ಎಡಗೈ ತಂತಿ ಮೇಲೆ, ತುಟಿ ಮೈಕ್ ಮೇಲೆ. ಮಧ್ಯದಲ್ಲಿ ನಿಮ್ಮ ಎದೆ. 1972ರಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡ್‌ನ ಗಿಟಾರ್ ವಾದಕ ಲೆಸ್ ಹಾರ್ವಿ, ವೇಲ್ಸ್‌ನ ಸ್ವಾನ್‌ಸೀಯಲ್ಲಿ ಸರಿಯಾಗಿ ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ ವೇದಿಕೆ ಮೇಲೇ ತೀರಿಹೋದರು.

ನಾವು ನುಡಿಸೋದು ಎಲ್ಲಿ? ಪೆಂಡಾಲ್ ಕೆಳಗೆ, ಒದ್ದೆ ನೆಲದ ಮೇಲೆ, ಜನರೇಟರ್ ಕರೆಂಟ್‌ನಲ್ಲಿ, ಗಣೇಶನ ಹಬ್ಬದ ಮಳೆಯಲ್ಲಿ. ಮೂರು ಪಿನ್ ಹಾಕಿಸಿದ್ರೆ "ಒರಿಜಿನಾಲಿಟಿ ಹೋಯ್ತು" ಅನ್ನೋನ ಹತ್ರ ಒಂದೇ ಪ್ರಶ್ನೆ ಕೇಳಿ: ನೀನು ಬರಿಗಾಲಲ್ಲಿ ನಿಂತು ನುಡಿಸ್ತೀಯಾ?

ನೀವೇ ಬಿಚ್ಚೋಕೆ ಹೋಗ್ಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಜೀವ ತೆಗೆಯೋ ವೋಲ್ಟೇಜ್ ಉಳಿದಿರುತ್ತೆ. ಟ್ಯೂಬ್ ಆಂಪ್ ಗೊತ್ತಿರೋ ಟೆಕ್ನಿಷಿಯನ್ ಹತ್ರ ಮಾತ್ರ ಕೊಡಿ.

ಭಾಗ 9/10

ಇದನ್ನ ಸೇವ್ ಮಾಡ್ಕೊಳ್ಳಿ. ಕೊಳ್ಳೋ ಮುಂಚೆ ಏನು ಕೇಳಬೇಕು?

ನೆಕ್ ಬಿಚ್ಚಿದ ಫೋಟೋ ಕೇಳಿ. ಹಳೇ ಫೆಂಡರ್‌ಗಳಲ್ಲಿ ನೆಕ್ ಬುಡದಲ್ಲಿ ಸಾಮಾನ್ಯವಾಗಿ ತಾರೀಖು ಇರುತ್ತೆ. ಅದು ನೆಕ್ ತಯಾರಾದ ತಾರೀಖು, ಇಡೀ ಬೇಸ್‌ದಲ್ಲ. ಹಿಂದಿನ ತಟ್ಟೆಯ ಸೀರಿಯಲ್ ನಂಬರ್ ಒಂದನ್ನೇ ನಂಬಬೇಡಿ. ನಾಲ್ಕು ಸ್ಕ್ರೂ ಬಿಚ್ಚಿದ್ರೆ ತಟ್ಟೆ ಬದಲಾಗುತ್ತೆ.

ಪಾಟ್ ಹಿಂಬದಿ ಫೋಟೋ ಕೇಳಿ. ಅಲ್ಲಿ ಅಂಕಿ ಇರುತ್ತೆ. ಉದಾಹರಣೆಗೆ 1376633: ಮೊದಲ 137 ಅಂದ್ರೆ ಸಿಟಿಎಸ್ ಕಂಪನಿ, 66 ಅಂದ್ರೆ 1966, 33 ಅಂದ್ರೆ ಆ ವರ್ಷದ 33ನೇ ವಾರ. ಆ ಪಾಟ್ ಇರೋ ಬೇಸ್ 1964ರದ್ದು ಅಂದ್ರೆ, ಒಂದೋ ಪಾಟ್ ಬದಲಾಗಿದೆ, ಇಲ್ಲಾ ಮಾತು ಸುಳ್ಳು. ಬದಲಾಗಿದ್ರೆ ತಪ್ಪಿಲ್ಲ. ಮುಚ್ಚಿಡೋದು ತಪ್ಪು.

ಇನ್ನು ಕಾನೂನು. 1930ರ ಸರಕು ಮಾರಾಟ ಕಾಯ್ದೆ, ನಮ್ಮ ಬಿಸಿನೆಸ್ ಲಾ ಪೇಪರ್‌ನಲ್ಲಿ ಐದು ಮಾರ್ಕಿನ ಪ್ರಶ್ನೆ. ಸೆಕ್ಷನ್ 16: ಗುಣಮಟ್ಟ ನೋಡಿಕೊಳ್ಳೋ ಹೊಣೆ ಸಾಮಾನ್ಯವಾಗಿ ಕೊಳ್ಳೋನದ್ದು. ಮಾರೋರು ಇದನ್ನೇ ಹಿಡ್ಕೊಂಡು "ನೋಡಿ ತಗೊಂಡಿದ್ದೀಯಲ್ಲ" ಅಂತಾರೆ. ಅದರ ಹಿಂದಿನ ಸೆಕ್ಷನ್ 15 ಓದಲ್ಲ: ವಿವರಣೆ ಕೊಟ್ಟು ಮಾರಿದ್ರೆ ಸರಕು ಆ ವಿವರಣೆಗೆ ಹೊಂದಲೇಬೇಕು. "1978, ಎಲ್ಲ ಒರಿಜಿನಲ್" ಅಂತ ಬರೆದ ಮೇಲೆ ಅದು ಅವನ ಮಾತು. ಅದಕ್ಕೇ ಫೋನ್‌ನಲ್ಲಿ ಹೇಳಿಸಿಕೊಳ್ಳಬೇಡಿ, ಚಾಟ್‌ನಲ್ಲಿ ಬರೆಸಿಕೊಳ್ಳಿ. ಸ್ಕ್ರೀನ್‌ಶಾಟ್ ತೆಗೆದಿಡಿ.

ಸೆಕ್ಷನ್ 27: ಮಾಲೀಕನಲ್ಲದವನು ಮಾರಿದ್ರೆ, ಸಾಮಾನ್ಯವಾಗಿ ನಿಮಗೂ ಮಾಲೀಕತ್ವ ಬರಲ್ಲ. ಜಾಕೋ ಬೇಸ್ 1986ರಲ್ಲಿ ನ್ಯೂಯಾರ್ಕ್‌ನಲ್ಲಿ ಕಳುವಾಯ್ತು. ಅದು ಮತ್ತೆ ಕಾಣಿಸಿಕೊಳ್ಳೋಕೆ ಸುಮಾರು ಇಪ್ಪತ್ತು ವರ್ಷ ಆಯ್ತು. ಕಂಡ ಮೇಲೂ ಯಾರದು ಅಂತ ಜಗಳ. ಕೊನೆಗೆ ಮೆಟಾಲಿಕಾದ ರಾಬರ್ಟ್ ಟ್ರುಹಿಲ್ಲೋ ದುಡ್ಡು ಹಾಕಿದ ಮೇಲೆ ಕುಟುಂಬಕ್ಕೆ ದಾರಿ ಆಯ್ತು. ನಿಮಗೆ ಟ್ರುಹಿಲ್ಲೋ ಬರಲ್ಲ. ಹಾಗಾಗಿ ಬಿಲ್ ಕೇಳಿ, ಇಲ್ಲದಿದ್ರೆ ಮಾರೋನ ಸಹಿ ಇರೋ ಒಂದು ರಸೀದಿ ಆದ್ರೂ ಬರೆಸಿಕೊಳ್ಳಿ.

ಭಾಗ 10/10

ಕಾಮೆಂಟ್‌ನಲ್ಲಿ ಒಬ್ಬರು ಒಳ್ಳೇ ಪ್ರಶ್ನೆ ಕೇಳಿದ್ದಾರೆ: "ಹಾಗಾದ್ರೆ ಯಾವ ಹಳೇ ವಾದ್ಯವನ್ನೂ ಹಾಗೇ ಉಳಿಸೋದೇ ಬೇಡ್ವಾ?"

ಬೇಕು. ಕೆಲವು ಉಳಿಯಲೇಬೇಕು. ಯಾರೂ ಮುಟ್ಟದ 1951ರ ಪ್ರಿಸಿಷನ್ ಒಂದು ದಾಖಲೆ. ಅದನ್ನ ಅಳೆದು ನೋಡಿದ್ರೇನೇ ಮುಂದಿನವರಿಗೆ ಆಗ ಹೇಗೆ ಮಾಡಿದ್ರು ಅಂತ ಗೊತ್ತಾಗೋದು. ಅಂಥದ್ದರಲ್ಲಿ ಡ್ರಿಲ್ ಹಾಕಿ ಅಂತ ನಾನು ಹೇಳ್ತಿಲ್ಲ. ಅದು ಮ್ಯೂಸಿಯಂ ಕೆಲಸ, ಮಾಡಲಿ. ಆದರೆ ಹೂಡಿಕೆದಾರನ ಎಸಿ ರೂಮು ಮ್ಯೂಸಿಯಂ ಅಲ್ಲ. ಮ್ಯೂಸಿಯಂನಲ್ಲಿ ಟಿಕೆಟ್ ತಗೊಂಡು ನೀವೂ ನಾನೂ ನೋಡಬಹುದು.

ಇನ್ನೊಬ್ಬರು "ನಿಂಗೆ ತಗೊಳ್ಳೋಕೆ ಆಗಲ್ಲ, ಅದಕ್ಕೇ ಉರಿ" ಅಂದಿದ್ದಾರೆ. ತಗೊಳ್ಳೋಕೆ ಆಗಲ್ಲ, ನಿಜ. ಆದರೆ ಜಾಕೋಗೆ, ಮೆಕಾರ್ಟ್ನಿಗೆ ಅವರ ಇಪ್ಪತ್ತರ ವಯಸ್ಸಿನ ಆಸುಪಾಸಿನಲ್ಲಿ ತಗೊಳ್ಳೋಕೆ ಆಯ್ತು. ಅವತ್ತು ಅವು ಬರೀ ಬೇಸ್ ಆಗಿದ್ದವು. ಅವತ್ತೇ ಯಾರಾದ್ರೂ "ಹೂಡಿಕೆ" ಅಂತ ಅವನ್ನೆಲ್ಲ ಎತ್ತಿಟ್ಟಿದ್ರೆ, ಇವತ್ತು ಬೆಲೆ ಕಟ್ಟೋಕೆ ಆ ಸಂಗೀತವೇ ಇರ್ತಿರಲಿಲ್ಲ.

ನಮ್ಮಲ್ಲಿ ಈ ಮಾರ್ಕೆಟ್ ಇನ್ನೂ ಚಿಕ್ಕದು. ಅಮೆರಿಕದ ಮಡಿ ಇಲ್ಲಿ ಬೇರು ಬಿಡೋ ಮುಂಚೆ ನಾವೇ ಬೇರೆ ರೂಢಿ ಹಾಕಬಹುದು. ನನ್ನ ಕಡೆಯಿಂದ ನಾಲ್ಕು:

1. ಮಾರುವಾಗ "ವಿಂಟೇಜ್" ಬರೀಬೇಡಿ. ವರ್ಷ ಬರೀರಿ. ವರ್ಷ ಗೊತ್ತಿಲ್ಲದಿದ್ರೆ "ಗೊತ್ತಿಲ್ಲ" ಅಂತ ಬರೀರಿ.

2. ಏನೇನು ಬದಲಾಗಿದೆ, ಯಾರು ರಿಪೇರಿ ಮಾಡಿದ್ರು, ಯಾವಾಗ, ಎಲ್ಲ ಬರೀರಿ. ಒಳ್ಳೇ ಕೈಯಲ್ಲಿ ಫ್ರೆಟ್ ಹಾಕಿಸಿದ್ರೆ ಅದು ಬೇಸ್‌ನ ಗುಣ, ಅದಕ್ಕೆ ಬೆಲೆ ಕೇಳಿ.

3. ಕೊಳ್ಳುವಾಗ ಮೊದಲು ನುಡಿಸಿ. ನೆಕ್ ನೇರ ಇದೆಯಾ, ಪ್ರತಿ ಫ್ರೆಟ್ ಸರಿ ನುಡಿಯುತ್ತಾ, ಭುಜಕ್ಕೆ ಮೂರು ಗಂಟೆ ತಡೆಯುತ್ತಾ. ಆಮೇಲೆ ವಯಸ್ಸು ಕೇಳಿ.

4. ನುಡಿಸೋದು ಬಿಟ್ಟಿದ್ರೆ ಮಾರಿಬಿಡಿ, ಇಲ್ಲಾ ಎಕ್ಸ್‌ಚೇಂಜ್ ಮಾಡಿ. ಬೀರು ಮೇಲಿರೋ ನಿಮ್ಮ ಬೇಸ್‌ಗಾಗಿ ಯಾರೋ ಒಬ್ಬ ಡ್ರಮ್ಮರ್ ಜೊತೆ ಬೇಸ್ ಇಲ್ಲದೆ ಪ್ರಾಕ್ಟೀಸ್ ಮಾಡ್ತಿದ್ದಾನೆ.

ಮಾರೋಕಿದ್ರೆ ಇದರ ಕೆಳಗೆ ಕಾಮೆಂಟ್ ಹಾಕಿ. ಊರು, ವರ್ಷ, ಏನೇನು ರಿಪೇರಿ ಆಗಿದೆ, ಬೆಲೆ. ಈ ನಾಲ್ಕೂ ಇಲ್ಲದ ಕಾಮೆಂಟ್ ಡಿಲೀಟ್ ಮಾಡ್ತೀನಿ, ಬೇಜಾರು ಮಾಡ್ಕೋಬೇಡಿ.

#ಬೇಸ್‌ಗಿಟಾರ್ #ಕನ್ನಡದಲ್ಲಿಬೇಸ್ #ಸೆಕೆಂಡ್‌ಹ್ಯಾಂಡ್‌ಬೇಸ್ #ನುಡಿಸಿರಿಡಬೇಡಿ